ಅಳದ ಮಗುವನ್ನು ಮೊದಲು ನೋಡಿ



ಎರಡು ದಿನದ ಈ ವಿಚಾರ ಸಂಕಿರಣದ ವಿಷಯ ‘ತುರ್ತು ಚಿಕಿತ್ಸೆಯಲ್ಲಿ ಮಗು’. ನನ್ನ ಆಶಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವನ್ನು ಎತ್ತಿಕೊಂಡು ಬಂದ ತಾಯಿ ಬಾಗಿಲಲ್ಲಿ ಆಡುವ ಮೊದಲ ಮಾತನ್ನು ನಾವು ಪರೀಕ್ಷೆಯ ಭಾಗವೆಂದೇ ಎಣಿಸಬೇಕು. ಕೇಸ್‌ಶೀಟಿನಲ್ಲಿ ಅದನ್ನು ಅವಳಾಡಿದ ಹಾಗೆಯೇ ಬರೆದುಕೊಳ್ಳಬೇಕು.

ಈ ಪಾಠ ನನಗೆ ಸಿಕ್ಕಿದ್ದು ತಪ್ಪು ಮಾಡಿದ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದೆ. ಎರಡು ಮಕ್ಕಳು ಒಟ್ಟಿಗೇ ಬಂದವು. ಒಬ್ಬ ನಾಲ್ಕು ವರ್ಷದ ಹುಡುಗ. ಹಣೆ ಒಡೆದು ರಕ್ತ ಸುರಿಯುತ್ತಿತ್ತು, ಅವನ ಚೀರಾಟಕ್ಕೆ ಇಡೀ ವಾರ್ಡು ಎದ್ದು ಕೂತಿತ್ತು. ಇನ್ನೊಂದು ಏಳು ತಿಂಗಳ ಕೂಸು, ಎರಡು ದಿನದಿಂದ ವಾಂತಿ ಭೇದಿ. ತಾಯಿಯ ಸೆರಗಿನೊಳಗೆ ಸುಮ್ಮನೆ ಮಲಗಿತ್ತು. “ಮೇಡಂ, ಇದು ಸಂಜೆಯಿಂದ ಅಳ್ತಾನೇ ಇಲ್ಲ” ಅಂದಳು. “ಕೂತ್ಕೊಳಮ್ಮ, ಬಂದೆ” ಅಂದು ನಾನು ಹಣೆ ಹೊಲಿಯಲು ಹೋದೆ.

ನಾಲ್ಕು ಹೊಲಿಗೆ ಹಾಕಿ ಬರುವಷ್ಟರಲ್ಲಿ ಕೂಸಿನ ಕೈಕಾಲು ತಣ್ಣಗಾಗಿದ್ದವು. ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ನರ ಸಿಗಲಿಲ್ಲ. ಎರಡೂ ಕೈ, ಎರಡೂ ಕಾಲು, ಕೊನೆಗೆ ತಲೆ, ಎಲ್ಲ ಕಡೆ ಚುಚ್ಚಿದೆ. ನನ್ನ ಕೈ ನಡುಗುತ್ತಿದ್ದುದನ್ನು ಕಂಡ ಹಿರಿಯ ಸಿಸ್ಟರ್ ಒಬ್ಬರು ಮಾತಿಲ್ಲದೆ ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸಿ, ಓಆರ್‌ಎಸ್ ಕದಡಿ ಹನಿಹನಿಯಾಗಿ ಬಿಡತೊಡಗಿದರು. ನರ ಸಿಗದಿದ್ದರೆ ಹೀಗೆ ಟ್ಯೂಬಿನಲ್ಲಿ ಗಂಟೆಗೆ ಪ್ರತಿ ಕೆಜಿ ತೂಕಕ್ಕೆ 20 ಮಿಲಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ನಾನು ಓದಿದ್ದೆ, ಆ ಹೊತ್ತಿಗೆ ನೆನಪಾಗಲಿಲ್ಲ. ಗಂಟೆ ಕಳೆದ ಮೇಲೆ ಒಂದು ನರ ಕೈಗೆ ಸಿಕ್ಕಿತು. ಬೆಳಗಿನ ಜಾವ ಕೂಸು ಅತ್ತಿತು. ಆಮೇಲೇ ನಾನು ಕೂತದ್ದು.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಮನೆಯವರ ಕೈಯನ್ನು ನಂಬಿದ ಹಾಗೆ ಮನೆಯವರ ಕಣ್ಣನ್ನೂ ನಂಬಬೇಕು ಎಂಬುದಷ್ಟೇ ನನ್ನ ಮಾತು.

ಮಕ್ಕಳ ತುರ್ತು ತಪಾಸಣೆಗೆ ಇಂದು ಎಲ್ಲೆಡೆ ಕಲಿಸುವ ಒಂದು ತ್ರಿಕೋನವಿದೆ. ಒಂದು ಬದಿ ಮಗುವಿನ ಚಹರೆ ಮತ್ತು ಚಟುವಟಿಕೆ, ಇನ್ನೊಂದು ಉಸಿರಾಟದ ಕಷ್ಟ, ಮತ್ತೊಂದು ಚರ್ಮದ ಬಣ್ಣ. ಸ್ಟೆತಾಸ್ಕೋಪ್ ಬೇಡ, ಮುಟ್ಟುವುದೂ ಬೇಡ, ಬಾಗಿಲಲ್ಲಿ ನಿಂತು ಅರ್ಧ ನಿಮಿಷ ನೋಡಿದರೆ ಸಾಕು. ನಮ್ಮ ತಾಯಂದಿರು ಇದನ್ನು ನೋಡಿಯೇ ಮನೆಯಿಂದ ಹೊರಟಿರುತ್ತಾರೆ. “ಕೂಸು ಮಂಕಾಗೈತ್ರಿ, ಕಣ್ಣ ತೆರೀವಲ್ದು” ಅನ್ನುವುದು ಮೊದಲ ಬದಿ. “ಪಕ್ಕೆ ಸೆಳೀತಿದೆ” ಎರಡನೆಯದು. “ಮೈ ಬಿಳಿಚಿಕೊಂಡಿದೆ” ಮೂರನೆಯದು. ಅದನ್ನು ನಾವು ಇಂಗ್ಲಿಷಿಗೆ ತಿರುಗಿಸಿ ‘ಜ್ವರ, ಎರಡು ದಿನ’ ಅಂತ ಬರೆದುಬಿಡುತ್ತೇವೆ.

‘ಬಾಲಗ್ರಹ’ ಅಂದರಂತೂ ಗದರುತ್ತೇವೆ. ಕೈಕಾಲು ಸೆಟೆದದ್ದು, ಕಣ್ಣು ಮೇಲಾದದ್ದು, ಬಾಯಲ್ಲಿ ನೊರೆ ಬಂದದ್ದು, ಎಲ್ಲ ಆ ಪದದೊಳಗಿದೆ. ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು ಬಂದ ಕೂಸನ್ನು ಕಂಡಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಫಿಟ್ಸ್ ನಿಲ್ಲಿಸಿ, ರಕ್ತದ ಸಕ್ಕರೆ ನೋಡಿದ ಮೇಲೆ ಬುದ್ಧಿ ಹೇಳೋಣ. ಬೈಸಿಕೊಂಡ ತಾಯಿ ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾಳೆ.

ಉಸಿರು ಎಣಿಸುವುದಕ್ಕೂ ಮಡಿಲೇ ಸರಿಯಾದ ಜಾಗ. ಕಿತ್ತುಕೊಂಡು ಮಂಚದ ಮೇಲೆ ಮಲಗಿಸಿದರೆ ಅಳುವ ಮಗುವಿನ ಉಸಿರು ಲೆಕ್ಕಕ್ಕೆ ಸಿಗುವುದಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇಷ್ಟು ಮುಟ್ಟಿದರೆ ಅದು ವೇಗದ ಉಸಿರು. ರೆಫರಲ್ ಚೀಟಿಗಳಲ್ಲಿ ‘ಬಿಪಿ ನಾರ್ಮಲ್’ ಎಂದು ಓದಿದಾಗೆಲ್ಲ ನನಗೆ ಭಯವಾಗುತ್ತದೆ. ಮಗುವಿನ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ಓಡಿಸಿ ಬಿಪಿಯನ್ನು ಬಹಳ ಹೊತ್ತು ಕಾಪಾಡುತ್ತದೆ. ಅದು ಕುಸಿಯುವ ಹೊತ್ತಿಗೆ ನಮ್ಮ ಬಳಿ ಸಮಯ ಉಳಿದಿರುವುದಿಲ್ಲ.

ತಾಯಿಯನ್ನು ಕೇಳದೆ ಡ್ರಿಪ್ ಏರಿಸುವುದು ಎಷ್ಟು ಅಪಾಯ ಎಂಬುದಕ್ಕೆ 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನ ನಮ್ಮೆಲ್ಲರ ಕಣ್ಣು ತೆರೆಸಿತು. ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ ಜ್ವರ ಬಂದು ರಕ್ತಸಂಚಾರ ಕುಗ್ಗಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದದ್ದು. ಒಮ್ಮೆಲೇ ಸಲೈನ್ ಅಥವಾ ಅಲ್ಬುಮಿನ್ ಹರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡರು. ಹಾಗೆ ಹರಿಸದ ಗುಂಪಿನಲ್ಲಿ ಆ ಸಂಖ್ಯೆ ಏಳರ ಆಸುಪಾಸು. ಭೇದಿಯಿಂದ ಒಣಗಿದ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅಂದರೆ ಕೈಕಾಲು ತಣ್ಣಗಿರುವ ಎರಡು ಮಕ್ಕಳು ನೋಡಲು ಒಂದೇ ಥರ ಇರಬಹುದು, ಒಂದಕ್ಕೆ ನೀರು ಜೀವ, ಇನ್ನೊಂದಕ್ಕೆ ಅದೇ ನೀರು ಭಾರ. ಭೇದಿ ಎಷ್ಟು ಸಲ ಆಯಿತು, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂಬ ಎರಡು ಪ್ರಶ್ನೆಯಲ್ಲೇ ದಾರಿ ಕವಲೊಡೆಯುತ್ತದೆ. ಉತ್ತರ ತಾಯಿಯ ಬಳಿ ಇದೆ.

ಔಷಧಿಯ ಪ್ರಮಾಣದ ಬಗ್ಗೆ ನಾಳೆ ಪೂರ್ತಿ ಗೋಷ್ಠಿಯೇ ಇರುವುದರಿಂದ ಎರಡೇ ಉದಾಹರಣೆ. ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್, 10 ಕೆಜಿ ಮಗುವಿನ ಸ್ನಾಯುವಿಗೆ 0.1 ಮಿಲಿ. ದಶಾಂಶದ ಚುಕ್ಕೆ ಒಂದು ಸ್ಥಾನ ಜರುಗಿದರೆ ಹತ್ತುಪಟ್ಟು. ಹಾಗಾಗಿ ತೂಕದ ಯಂತ್ರ ಓಪಿಡಿಯಲ್ಲಿ ಬೀಗದೊಳಗೆ ಇರಬಾರದು, ಕ್ಯಾಜುವಾಲ್ಟಿಯ ಬಾಗಿಲಲ್ಲಿ ಇರಬೇಕು. ಹಾವು ಕಡಿದಾಗ ಮಾತ್ರ ಈ ಲೆಕ್ಕ ಇಲ್ಲ. ಹಾವು ಮಗುವೆಂದು ವಿಷ ಕಡಿಮೆ ಮಾಡುವುದಿಲ್ಲ, ದೊಡ್ಡವರಿಗೆ ಕೊಡುವಷ್ಟೇ ಪ್ರತಿವಿಷ ಮಗುವಿಗೂ ಬೇಕು. ಚಿಕ್ಕ ಮೈ ನೋಡಿ ಕೈ ಹಿಡಿಯಬೇಡಿ.

ಮುಂದಿನ ಎರಡು ದಿನ ಒಂದು ಕೆಲಸ ಆಗಬೇಕೆಂದು ಸಂಘಟಕರನ್ನು ಕೇಳಿಕೊಂಡಿದ್ದೆ, ಅವರು ಒಪ್ಪಿದ್ದಾರೆ. ಸಭಾಂಗಣದ ಬಾಗಿಲಿಗೆ ದೊಡ್ಡ ಬಿಳಿ ಹಾಳೆಯೊಂದನ್ನು ಅಂಟಿಸಿದ್ದಾರೆ, ದಾರದಲ್ಲಿ ಸ್ಕೆಚ್ ಪೆನ್ ತೂಗುಬಿಟ್ಟಿದ್ದಾರೆ. ಮಗುವಿಗೆ ಜೀವಾಪಾಯ ಎದುರಾದಾಗ ನಿಮ್ಮ ತಾಲ್ಲೂಕಿನ ತಾಯಂದಿರು ಏನನ್ನುತ್ತಾರೋ ಆ ಮಾತನ್ನು ಅಲ್ಲಿ ಬರೆಯಿರಿ, ಪಕ್ಕದಲ್ಲಿ ಊರಿನ ಹೆಸರು. ಅವನ್ನೆಲ್ಲ ಒಂದು ಪುಟಕ್ಕೆ ಇಳಿಸಿ, ಕೆಳಗೆ ಉಸಿರಿನ ಆ ಮೂರು ಅಂಕಿ ಸೇರಿಸಿ, ಚೀಟಿ ಬರೆಯುವ ಕಿಟಕಿಯ ಮೇಲೆ ಅಂಟಿಸಲು ಎಲ್ಲರಿಗೂ ಕೊಟ್ಟು ಕಳಿಸುತ್ತೇವೆ. ಚೀಟಿ ಬರೆಯುವವರು, ಕಾವಲುಗಾರರು, ಆಯಾಗಳು ಅದನ್ನು ಓದಬೇಕು. ಆ ಮಾತು ಕಿವಿಗೆ ಬಿದ್ದರೆ ಸಾಲು ಮುರಿದು ಮಗುವನ್ನು ಒಳಗೆ ಕರೆತರಬೇಕು.

ನಾನು ಒಳಗೆ ಬರುವಾಗಲೇ ಯಾರೋ ಸಿಸ್ಟರ್ ಹಾಳೆಯ ತುದಿಯಲ್ಲಿ ಬರೆದಿದ್ದರು: “ಎದೆಗೆ ಹಾಕಿದ್ರೂ ಹಾಲು ಎಳೀತಿಲ್ಲ.” ಅದರ ಕೆಳಗೆ ನಾನೂ ಒಂದು ಸಾಲು ಬರೆದು ಬಂದಿದ್ದೇನೆ.