ಹೆಸರಿನ ಬದಲಾವಣೆಯೂ ಹೃದಯದ ಬದಲಾವಣೆಯೂ



ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ರಸ್ತೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಈ ರಸ್ತೆಯ ಎರಡು ತುದಿಗಳಲ್ಲಿರುವ ಎರಡು ಊರುಗಳಿಗೆ ಒಂದು ಸಾಮ್ಯವುಂಟು. ಎರಡೂ ತಮ್ಮ ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರನ್ನು ಪಡೆದವು. ಅರಿಕುಠಾರವೆಂಬ ಗ್ರಾಮವು ತಮ್ಮ ತಂದೆಯವರ ಜನ್ಮಸ್ಥಳವೆಂಬ ಕಾರಣದಿಂದ ಮುಮ್ಮಡಿ ಕೃಷ್ಣರಾಜ ಒಡೆಯರವರು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ನಾಮಕರಣ ಮಾಡಿದರು. ಅದಕ್ಕೂ ಒಂದು ಶತಮಾನಕ್ಕಿಂತ ಹಿಂದೆ, ಚಿಕ್ಕದೇವರಾಜ ಒಡೆಯರವರು ವಿಜಯಪುರವೆಂಬ ಹಳೆಯ ಊರಿನ ಬಳಿ ತಮ್ಮ ತಂದೆಯ ಸ್ಮರಣಾರ್ಥವಾಗಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿ ಪೇಟೆಯನ್ನು ನೆಲೆಗೊಳಿಸಿದರು. ಅದೇ ಇಂದಿನ ಗುಂಡ್ಲುಪೇಟೆ.

ಹೆಸರು ಬದಲಾದ ಮರುದಿನ ಅರಿಕುಠಾರದ ಕೆರೆಯಲ್ಲಿ ನೀರೇನೂ ಹೆಚ್ಚಿರಲಾರದು. ಹೊಲಗಳು ಮೊದಲಿನಂತೆಯೇ ಮಳೆಯ ದಾರಿಯನ್ನು ಕಾಯುತ್ತಿದ್ದಿರಬೇಕು. ಆದರೆ ಹೆಸರನ್ನಿಟ್ಟ ಮಗನು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವು ಎದ್ದಿತು. ಹೆಸರು ಮೊದಲು ಬಂದಿತು. ಆ ಹೆಸರಿಗೆ ತಕ್ಕ ಕಾರ್ಯವು ಅನಂತರ ಬಂದಿತು. ಕಾರ್ಯವು ಬಾರದೆ ಹೋಗಿದ್ದರೆ ಹೆಸರು ಕೇವಲ ಕಾಗದದ ಮೇಲಿನ ಶಾಯಿಯಾಗಿ ಉಳಿಯುತ್ತಿತ್ತು. ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಊರುಗಳ ಹೆಸರನ್ನು ಕುರಿತಲ್ಲ, ಮನುಷ್ಯರು ಧರಿಸತಕ್ಕ ಹೆಸರನ್ನು ಕುರಿತು. ಕ್ರೈಸ್ತ ಧರ್ಮದಲ್ಲಿ ನಿಜವಾದ ಪರಿವರ್ತನೆಯೆಂದರೆ ಯಾವುದು? ಪೂರ್ಣಮನಸ್ಸಿನ ಶಿಷ್ಯತ್ವವೆಂದರೆ ಯಾವುದು?

ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ಇದೇ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಾಗ, ಹುಣಿಸೆಯ ಮರದ ನೆರಳಿನಲ್ಲಿ ನಮ್ಮ ಜೊತೆಯಲ್ಲಿ ಕುಳಿತಿದ್ದ ಒಬ್ಬ ವೃದ್ಧ ರೈತರು, ನಾವು ಕ್ರೈಸ್ತರೆಂಬುದನ್ನು ಮಾತಿನ ನಡುವೆ ತಿಳಿದುಕೊಂಡು, ಬಹು ವಿನಯದಿಂದ ಕೇಳಿದರು: “ಸ್ವಾಮಿ, ತಪ್ಪು ತಿಳ್ಕಬ್ಯಾಡಿ. ನಿಮ್ಮೋರು ಜಾತಿ ಬುಟ್ಟೋರಾ, ಇಲ್ಲ ಜಾತಿ ಬದಲಾಯಿಸ್ಕಂಡೋರಾ?” ನಾವು ಕ್ರೈಸ್ತ ಮನೆಯಲ್ಲಿ ಹುಟ್ಟಿ, ಕ್ರೈಸ್ತ ಕೀರ್ತನೆಗಳನ್ನು ಕೇಳಿ ಬೆಳೆದವರು. ಆದರೂ ಆ ಮುದುಕರಿಗೆ ಒಡನೆಯೇ ಉತ್ತರವನ್ನು ಕೊಡಲಾರದೆ ಹೋದೆವು. ಅಷ್ಟರಲ್ಲಿ ಬೇರೊಂದು ಬಸ್ಸು ಬಂದುದರಿಂದ ಅಂದು ನಮ್ಮ ಮಾನ ಉಳಿಯಿತು. ಆದರೆ ಪ್ರಶ್ನೆ ನಮ್ಮೊಡನೆಯೇ ಬಸ್ಸನ್ನು ಹತ್ತಿತು.

ಮೊದಲು ಶಬ್ದವನ್ನೇ ನೋಡೋಣ. ಲೋಕರೂಢಿಯಲ್ಲಿ ನಾವು ಮತಾಂತರವೆನ್ನುತ್ತೇವೆ. ಒಂದು ಮತದಿಂದ ಇನ್ನೊಂದು ಮತಕ್ಕೆ ಹೋಗುವುದು ಎಂದು ಅದರ ಅರ್ಥ. ಆದರೆ ಸುವಾರ್ತೆಗಳ ಮೂಲಭಾಷೆಯಾದ ಗ್ರೀಕಿನಲ್ಲಿ ಯೇಸುಸ್ವಾಮಿಯ ಮೊದಲ ಕರೆಯನ್ನು ಸೂಚಿಸುವ ಶಬ್ದವು ‘ಮೆಟನೋಯ’. ಮನಸ್ಸು ಮಾರ್ಪಡುವುದು ಎಂದು ಅದರ ಅರ್ಥ. ಇಬ್ರಿಯ ಭಾಷೆಯ ಪ್ರವಾದಿಗಳು ಉಪಯೋಗಿಸಿದ ‘ಶೂಬ್’ ಎಂಬ ಶಬ್ದಕ್ಕಾದರೋ ತಿರುಗು, ಹಿಂದಿರುಗು ಎಂಬ ಅರ್ಥವಿದೆ. ಕನ್ನಡ ಸತ್ಯವೇದದ ಭಾಷಾಂತರಕಾರರು ಇದಕ್ಕೆ ಮಾನಸಾಂತರವೆಂಬ ಮಾತನ್ನೂ, ದೇವರ ಕಡೆಗೆ ತಿರುಗುವುದೆಂಬ ಮಾತನ್ನೂ ಬಳಸಿದ್ದಾರೆ. ಎರಡೂ ಸಾರ್ಥಕವಾದ ಮಾತುಗಳು. ಮತಾಂತರವನ್ನು ದಾಖಲೆಯಲ್ಲಿ ಬರೆದಿಡಬಹುದು. ಮಾನಸಾಂತರವನ್ನು ಬರೆದಿಡತಕ್ಕ ದಾಖಲೆ ಲೋಕದಲ್ಲಿಲ್ಲ. ಬಲಾತ್ಕಾರದಿಂದ ಮತವನ್ನು ಬದಲಾಯಿಸಬಹುದು. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರ ಆಳಿಕೆಯಲ್ಲಿ ಏರ್ಪಟ್ಟ ಧರ್ಮವಿಚಾರಣೆಯ ನ್ಯಾಯಸ್ಥಾನವು ಕ್ರೈಸ್ತರ ಹೆಸರಿಗೇ ಅಂಟಿದ ಕಳಂಕವೆಂಬುದನ್ನು ನಾವು ಮರೆಮಾಚಬಾರದು. ಭಯದಿಂದ ತಲೆ ಬಾಗುತ್ತದೆಯೇ ಹೊರತು ಮನಸ್ಸು ತಿರುಗುವುದಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ಈ ಪ್ರಶ್ನೆಯನ್ನು ಬಹು ನಿಷ್ಠುರವಾಗಿ ಎತ್ತಿದವನು ಒಬ್ಬ ಕ್ರೈಸ್ತ ಪಾದ್ರಿಯೇ. ಫ್ರಾನ್ಸ್ ದೇಶದ ಆಬೆ ದ್ಯುಬ್ವಾ 1792ರಲ್ಲಿ ಸ್ವದೇಶವನ್ನು ಬಿಟ್ಟು ಹೊರಟವನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಗೆ ಬಂದನು. ಈ ದೇಶದವರಂತೆಯೇ ಉಡುಪು ತೊಟ್ಟು, ಇಲ್ಲಿಯವರ ಆಹಾರವನ್ನೇ ಉಂಡು, ಹಳ್ಳಿಯಿಂದ ಹಳ್ಳಿಗೆ ತಿರುಗಿದನು. ಸಿಡುಬಿನ ನಿವಾರಣೆಗಾಗಿ ಆಗ ಹೊಸದಾಗಿ ಬಂದಿದ್ದ ದೇವಿಹಾಕುವ ಪದ್ಧತಿಯನ್ನು ಹರಡಿ, ಸುಮಾರು 25,000 ಮಂದಿಗೆ ಅದು ದೊರೆಯುವಂತೆ ಮಾಡಿದನು. 1823ರಲ್ಲಿ ಹಿಂದಿರುಗಿ ಹೋಗಿ, ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಅವನು ಹೇಳಿದುದೇನು? ಈ ದೇಶದ ಜನರ ನಿಜವಾದ ಪರಿವರ್ತನೆ ಅಸಾಧ್ಯ. ತಾನು ಇಪ್ಪತ್ತೈದು ವರ್ಷ ದುಡಿದು, ಸ್ಥಳೀಯ ಉಪದೇಶಿಯೊಬ್ಬನ ಸಹಾಯದೊಡನೆ, ಸೇರಿಸಿದವರು ಇನ್ನೂರು ಮುನ್ನೂರು ಮಂದಿ. ಅವರಲ್ಲಿಯೂ ಬಹುಮಂದಿ ಕೀಳೆನಿಸಿದ ಜಾತಿಯವರು, ಬಡವರು, ಬಹಿಷ್ಕೃತರು. ಹೊಸ ಸಂಬಂಧಗಳಿಗಾಗಿ, ಲಾಭಕ್ಕಾಗಿ ಬಂದವರು.

ತನ್ನ ಜೀವಮಾನದ ಸೋಲನ್ನು ಹೀಗೆ ಬಯಲಿಗಿಡುವುದು ಸಾಮಾನ್ಯ ಧೈರ್ಯವಲ್ಲ. ಅವನ ಪತ್ರಗಳಿಗೆ ಉತ್ತರವಾಗಿ ಮರುವರ್ಷವೇ ಬೇರೆ ಪಾದ್ರಿಗಳು ಪುಸ್ತಕಗಳನ್ನು ಬರೆದರು. ಆದರೆ ವಾದದ ಪುಸ್ತಕಗಳಿಗಿಂತ ಬಲವಾದ ಉತ್ತರವು ಜೀವನದಿಂದ ಬರಬೇಕಾಗಿದ್ದಿತು. ಅದು ಕನ್ನಡ ನಾಡಿನ ಕರಾವಳಿಯಿಂದ ಬಂದಿತು.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯರು ಇನ್ನೂ ಇಪ್ಪತ್ತು ತುಂಬದ ತರುಣರು. ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಅವರಿಗೆ ಗುರುವಾಗಿದ್ದವರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗರು. 1844ರ ಜನವರಿಯಲ್ಲಿ ಆನಂದರಾಯರು ದೀಕ್ಷಾಸ್ನಾನವನ್ನು ಪಡೆದರು. ಪಟ್ಟಣದಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಬಂಧುವರ್ಗವು ದೂರವಾಯಿತು, ಪತ್ನಿಯೂ ಅವರ ದಾರಿಯಲ್ಲಿ ಬರಲಿಲ್ಲ. ಇಲ್ಲಿ ಲಾಭವೆಲ್ಲಿ? ಮುಂದೆ ಅವರು ಬಾಸೆಲಿಗೆ ಹೋಗಿ ದೇವಶಾಸ್ತ್ರವನ್ನು ಕಲಿತು, 1851ರಲ್ಲಿ ಉಪದೇಶಕಾಭಿಷೇಕವನ್ನು ಪಡೆದು ಹಿಂದಿರುಗಿ, ಮಂಗಳೂರಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, 1893ರಲ್ಲಿ ತೀರಿಕೊಂಡರು.

ಅವರು ತಮ್ಮ ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ತಂದೆ ತಾಯಿಗಳಿಟ್ಟ ಹೆಸರನ್ನು ಬಿಡಲಿಲ್ಲ, ಗೋತ್ರದ ಹೆಸರನ್ನೂ ಬಿಡಲಿಲ್ಲ. ಹಾಗಾದರೆ ಅವರು ಬಿಟ್ಟುದು ಯಾವುದನ್ನು? ಕೊಡಗಿನಲ್ಲಿ ಬಹುಕಾಲದಿಂದ ಜೀತದಲ್ಲಿ ಬಿದ್ದಿದ್ದ ಹೊಲೆಯ ಜನರು ಕ್ರೈಸ್ತರಾಗಿ ನೆಲೆಯಿಲ್ಲದೆ ನಿಂತಾಗ, ಅವರ ನೆಲೆಗಾಗಿ ಕೌಂಡಿನ್ಯರು ತಮ್ಮ ಹಣದಿಂದ ಭೂಮಿಯನ್ನು ಕೊಂಡುಕೊಟ್ಟರು. ಆ ನೆಲೆಗೆ ಅವರ ಹೆಸರಿನಿಂದಲೇ ಆನಂದಪುರವೆಂಬ ಹೆಸರಾಯಿತು. ಯಾರ ನೆರಳು ತನ್ನ ಮೇಲೆ ಬೀಳಬಾರದೆಂದು ಹುಟ್ಟಿನಿಂದ ಕಲಿತಿದ್ದರೋ ಅವರಿಗೆ ತನ್ನ ಆಸ್ತಿಯ ನೆರಳನ್ನು ಕೊಟ್ಟರು. ಹೆಸರು ಉಳಿಯಿತು, ಹೆಸರಿನೊಳಗಿದ್ದ ಹೆಮ್ಮೆ ಹೋಯಿತು. ನಾವು ಮಾನಸಾಂತರವೆನ್ನುವುದು ಇದನ್ನು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೌಂಡಿನ್ಯರು ಬಿಟ್ಟುಬಂದರು, ಆದುದರಿಂದ ಅವರದು ನಿಜವಾದ ಪರಿವರ್ತನೆ. ಆ ಬಡ ಹೊಲೆಯರು ಪಡೆಯಲು ಬಂದರು, ಆದುದರಿಂದ ಅವರದು ಸುಳ್ಳು ಎಂದು ನಾವು ಹೇಳಬಹುದೇ? ದ್ಯುಬ್ವಾನು ತಪ್ಪಿದುದು ಈ ಎಡೆಯಲ್ಲಿಯೇ ಎಂದು ನಮಗೆ ತೋರುತ್ತದೆ. ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಐದು ಸಾವಿರ ಮಂದಿ ರೊಟ್ಟಿಯನ್ನು ತಿಂದು ತೃಪ್ತರಾದರು. ಮರುದಿನ ಅವರು ಯೇಸುವನ್ನು ಹುಡುಕಿಕೊಂಡು ಬಂದುದು ರೊಟ್ಟಿಗಾಗಿಯೇ ಎಂಬುದನ್ನು ಅವನು ಅರಿತಿದ್ದನು, ಮುಚ್ಚಿಡದೆ ಹೇಳಿಯೂ ಬಿಟ್ಟನು. ಆದರೆ ಹಸಿದವರಿಗೆ ಉಣಿಸಿದುದಕ್ಕಾಗಿ ಅವನು ಪಶ್ಚಾತ್ತಾಪಪಡಲಿಲ್ಲ. ಉಣಿಸಿದ ಬಳಿಕ ಕಠಿನವಾದ ಮಾತನ್ನಾಡಿದನು. ಅನೇಕರು ಬಿಟ್ಟುಹೋದರು. ಆಗ ಹನ್ನೆರಡು ಮಂದಿಯ ಕಡೆಗೆ ತಿರುಗಿ, ನೀವೂ ಹೋಗಬೇಕೆಂದಿದ್ದೀರೋ ಎಂದು ಕೇಳಿದನು. ಮನುಷ್ಯನು ಯಾವ ಬಾಗಿಲಿನಿಂದ ಬಂದನೆಂಬುದು ಮುಖ್ಯವಲ್ಲ. ಆ ಪ್ರಶ್ನೆ ಎದುರಾದಾಗ ಉಳಿದನೋ ಹೋದನೋ ಎಂಬುದು ಮುಖ್ಯ. ಅಲ್ಲದೆ, ತಲೆತಲಾಂತರದಿಂದ ಮನುಷ್ಯನೆಂದು ಎಣಿಸಲ್ಪಡದವನು ಮನುಷ್ಯತ್ವವನ್ನು ಅರಸಿ ಬಂದರೆ, ಅದನ್ನು ಲಾಭವೆಂದು ಹೀಯಾಳಿಸುವುದಕ್ಕೆ ಹೊಟ್ಟೆ ತುಂಬಿದವರಿಗೆ ಯಾವ ಅಧಿಕಾರವಿದೆ?

ಶಿಷ್ಯತ್ವವು ಬೆಲೆಯುಳ್ಳದ್ದೆಂಬುದನ್ನು ಚಾಮರಾಜನಗರದ ಸೀಮೆಯವರಿಗೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಚಿಕ್ಕಲ್ಲೂರಿನ ಜಾತ್ರೆಗೆ ಹೋದವರೆಲ್ಲ ನೀಲಗಾರರ ಬಾಯಲ್ಲಿ ಸಿದ್ದಪ್ಪಾಜಿಯ ಕಥೆಯನ್ನು ಕೇಳಿದ್ದಾರೆ. ಅಕ್ಕಸಾಲೆ ಕಮ್ಮಾರರ ಕುಲದ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿಯು ಶಿಶುಮಗನನ್ನಾಗಿ ಕೇಳಿದುದು, ಹೆತ್ತವರು ಒಪ್ಪದೆ ಹೋದುದು, ಕೊನೆಗೆ ಅವನು ತನ್ನ ಕುಲದವರೇ ಆದ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಅವರ ಪರೀಕ್ಷೆಗಳಿಗೆಲ್ಲ ಗುರಿಯಾದುದು, ಇವೆಲ್ಲ ನಿಮಗೆ ಗೊತ್ತು. ಮತಗಳ ಭೇದಗಳನ್ನು ಅಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗುರುವಿನ ಹೆಸರನ್ನು ಹೇಳುವುದು ಸುಲಭ, ಗುರು ಕಳುಹಿಸಿದ ಎಡೆಗೆ ಹೋಗುವುದು ಕಷ್ಟ ಎಂಬ ಮಾತನ್ನು ಈ ನೆಲವು ತನ್ನ ಹಾಡಿನಲ್ಲಿಯೇ ಅರಿತುಕೊಂಡಿದೆ. ಶಿಷ್ಯನೆಂಬುದಕ್ಕೆ ಸುವಾರ್ತೆಯಲ್ಲಿರುವ ಗ್ರೀಕ್ ಶಬ್ದದ ಅರ್ಥವೂ ಕಲಿಯುವವನು ಎಂದೇ. ಕಲಿತು ಮುಗಿಸಿದವನು ಎಂದಲ್ಲ.

ಹಾಗಾದರೆ ಪರಿವರ್ತನೆಗೆ ಗುರುತು ಯಾವುದು? ಲೂಕನು ಯೆರಿಕೋ ಪಟ್ಟಣದ ಜಕ್ಕಾಯನೆಂಬ ಸುಂಕದವನ ಸಂಗತಿಯನ್ನು ಹೇಳಿದ್ದಾನೆ. ಯೇಸು ಅವನ ಮನೆಗೆ ಹೋದಾಗ ಅವನು ಮಾಡಿದುದು ದೀರ್ಘವಾದ ಪ್ರಾರ್ಥನೆಯಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದೂ, ಅನ್ಯಾಯವಾಗಿ ತೆಗೆದುಕೊಂಡುದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದೂ ಎದ್ದು ನಿಂತು ಹೇಳಿದನು. ಅವನ ಮನಸ್ಸು ತಿರುಗಿದುದು ಅವನ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಗುಂಡ್ಲುಪೇಟೆಯ ಸಂತೆಯಲ್ಲಿ ಒಬ್ಬ ಕ್ರೈಸ್ತ ವರ್ತಕನಿದ್ದರೆ, ಅವನ ಕುತ್ತಿಗೆಯ ಶಿಲುಬೆಯನ್ನು ನೋಡಬೇಡಿರಿ. ಅವನ ತಕ್ಕಡಿಯನ್ನು ನೋಡಿರಿ. ರೈತನ ಅರಿಸಿನವನ್ನು ಕೊಳ್ಳುವಾಗಲೂ ಮಾರುವಾಗಲೂ ಅವನ ತೂಕದ ಕಲ್ಲು ಒಂದೇ ಆಗಿದ್ದರೆ, ಅವನು ತಿರುಗಿದ್ದಾನೆ. ಮಗಳ ಮದುವೆಯ ಮಾತು ಬಂದಾಗ ಅವನು ಮೊದಲು ಕೇಳುವುದು ವರನ ಗುಣವನ್ನೋ, ತಾತಂದಿರು ಬಿಟ್ಟುಬಂದ ಜಾತಿಯನ್ನೋ? ಇದು ಎರಡನೆಯ ಗುರುತು. ದಕ್ಷಿಣ ದೇಶದ ಕೆಲವು ಚರ್ಚುಗಳಲ್ಲಿ ಜಾತಿಗೊಂದು ಕಡೆಯೆಂದು ಜನರನ್ನು ಬೇರ್ಪಡಿಸಿ ಕೂರಿಸಿದುದುಂಟು. ಸ್ಮಶಾನವನ್ನೂ ಭಾಗ ಮಾಡಿದುದುಂಟು. ಸತ್ತವರನ್ನು ಕೂಡ ಬೇರ್ಪಡಿಸುವವರು ಬದುಕಿರುವ ಯಾರನ್ನು ದೇವರ ಕಡೆಗೆ ಕರೆದಾರು?

ಕ್ರೈಸ್ತನ ಮಗನಾಗಿ ಹುಟ್ಟಿದ ಮಾತ್ರದಿಂದ ಈ ತಿರುಗುವಿಕೆ ಬಂದೊದಗುವುದಿಲ್ಲ. ನಮ್ಮ ಹಿರಿಯರು ಹೊಳೆಯನ್ನು ದಾಟಿದರೆಂದ ಮಾತ್ರಕ್ಕೆ ನಮ್ಮ ಕಾಲು ನೆನೆಯುವುದಿಲ್ಲ. ಅದೂ ಒಂದು ದಿನದ ಕೆಲಸವಲ್ಲ. ಉಳುವವನು ಸಾಲಿನ ಕೊನೆ ಮುಟ್ಟಿದಾಗಲೆಲ್ಲ ನೇಗಿಲನ್ನು ತಿರುಗಿಸುವಂತೆ, ಬದುಕಿನ ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ ಮನಸ್ಸನ್ನು ಮತ್ತೆ ತಿರುಗಿಸಬೇಕಾಗುತ್ತದೆ.

ಆ ವೃದ್ಧ ರೈತರು ಈ ಹೊತ್ತು ಎಲ್ಲಿದ್ದಾರೆಯೋ ನಾವರಿಯೆವು. ಅವರು ಈ ಮಾತುಗಳನ್ನು ಕೇಳುತ್ತಿದ್ದರೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇವೆ. ಅಯ್ಯಾ, ನಮ್ಮಲ್ಲಿ ಅನೇಕರು ಜಾತಿಯನ್ನು ಬದಲಾಯಿಸಿಕೊಂಡೆವು. ಕೆಲವರು ಮಾತ್ರ ಬಿಟ್ಟರು. ಬಿಟ್ಟವರನ್ನು ನೋಡಿ ನಮ್ಮ ಸ್ವಾಮಿಯನ್ನು ಅಳೆಯಿರಿ. ಬದಲಾಯಿಸಿಕೊಂಡವರನ್ನು ನೋಡಿದಾಗ, ಇವರಿನ್ನೂ ದಾರಿಯಲ್ಲಿದ್ದಾರೆ ಎಂದು ತಿಳಿದು ಸೈರಿಸಿರಿ. ನಿಮ್ಮ ಪ್ರಶ್ನೆಯನ್ನು ಕೇಳುವುದನ್ನು ಮಾತ್ರ ನಿಲ್ಲಿಸಬೇಡಿರಿ. ಅದು ನಮಗೆ ಬೇಕಾಗಿದೆ.