ಕಿವಿಯೊಳಗಿನ ಮೊರೆತ



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳನ್ನು ಬಿಟ್ಟು ಕಿವಿಯ ಮಾತೇಕೆಂದು ತಾವು ಕೇಳಬಹುದು. ನಮ್ಮ ಮನೆಗಳ ಹಿರಿಯರನೇಕರು ಯಾರಿಗೂ ಹೇಳದೆ ಸಹಿಸಿಕೊಂಡಿರುವ ತೊಂದರೆಯಿದು. ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಗುಂಯ್ ಎನ್ನುತ್ತದೆ. ಕೆಲವರಿಗೆ ಜೀರುಂಡೆ ಕೂಗಿದಂತೆ, ಕೆಲವರಿಗೆ ಕುಕ್ಕರಿನ ಸೀಟಿ ನಿಲ್ಲದೆ ಊದಿದಂತೆ. ಹೇಳಿದರೆ ತಲೆ ಕೆಟ್ಟಿದೆಯೆಂದಾರು ಎಂಬ ಅಂಜಿಕೆ. ಆದರೆ ಸುಶ್ರುತ ಸಂಹಿತೆಯೇ ಇದನ್ನು ಕರ್ಣನಾದವೆಂದು ಕರೆದು ಕಿವಿಯ ರೋಗಗಳ ಸಾಲಿಗೆ ಸೇರಿಸಿದೆ. ಈಗಿನ ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಸಂಗೀತಗಾರ ಬೀಥೋವನ್ನನೂ 1801ರಲ್ಲಿ ಗೆಳೆಯನಿಗೆ ಕಾಗದ ಬರೆದು ಇದೇ ಗೋಳನ್ನು ತೋಡಿಕೊಂಡಿದ್ದನು.

ವಯಸ್ಸಿನಿಂದಲೋ ಗದ್ದಲದಿಂದಲೋ ಒಳಗಿವಿಯ ಸೂಕ್ಷ್ಮ ಕೋಶಗಳು ಸವೆದಾಗ ಮೆದುಳಿಗೆ ತಲುಪುವ ಸುದ್ದಿ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಮೆದುಳು ತಾನೇ ತುಂಬಿಕೊಳ್ಳಹೋಗಿ ಈ ನಾದ ಹುಟ್ಟುತ್ತದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮುಂಬಯಿಯ ಗಿರಣಿಗಳಲ್ಲಿ ಮಗ್ಗಗಳ ನಡುವೆ ವರ್ಷಗಟ್ಟಲೆ ದುಡಿದವರ ಕಿವಿ ಏನೇನು ಸಹಿಸಿತೆಂಬುದನ್ನು ಬಿಡಿಸಿ ಹೇಳಬೇಕೆ? (ದೀಪಾವಳಿಯ ಪಟಾಕಿಯೂ ಕಡಿಮೆಯದೇನಲ್ಲ.) 1953ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಚೆನ್ನಾಗಿ ಕಿವಿ ಕೇಳುವ 80 ಜನರನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ನೂರಕ್ಕೆ 94ರಷ್ಟು ಮಂದಿಗೆ ಏನಾದರೊಂದು ಸದ್ದು ಕೇಳಿಸಿತು! ಎಂದಮೇಲೆ, ಸದ್ದಿರುವುದಕ್ಕಿಂತ ಮನಸ್ಸು ಅದಕ್ಕೇ ಅಂಟಿಕೊಳ್ಳುವುದು ದೊಡ್ಡ ಕಷ್ಟ.

ಇದನ್ನು ತಿಳಿಯಲು ನಮ್ಮವರಿಗೆ ಪುಸ್ತಕ ಬೇಡ. ಹಳಿಯ ಪಕ್ಕದ ಮನೆಗೆ ಊರಿನಿಂದ ನೆಂಟರು ಬಂದರೆ ಮೊದಲ ರಾತ್ರಿ ಅವರಿಗೆ ನಿದ್ದೆಯಿಲ್ಲ. ಲೋಕಲ್ ಗಾಡಿ ಎದೆಯ ಮೇಲೆಯೇ ಹಾದಂತಾಗುತ್ತದೆ. ನಾವೋ, ಗಾಡಿ ಯಾವಾಗ ಹೋಯಿತೆಂದೇ ಅರಿಯೆವು. ಗಾಡಿಯ ಸದ್ದೇನೂ ಕಡಿಮೆಯಾಗಿಲ್ಲ. ಅದರಿಂದ ಅಪಾಯವಿಲ್ಲವೆಂದು ಮೆದುಳು ಕಲಿತಿದೆ, ಅಷ್ಟೆ. ಒಳಗಿನ ಸದ್ದಿಗೂ ಈ ಪಾಠವನ್ನು ಕಲಿಸಬಹುದೆಂಬುದೇ 1990ರಲ್ಲಿ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ ಮುಂದಿಟ್ಟ ವಿಚಾರ.

‘ಇದಕ್ಕೆ ಮದ್ದಿಲ್ಲ, ಹೊಂದಿಕೊಳ್ಳಿ’ ಎಂದು ಕೆಲವು ವೈದ್ಯರು ಎರಡೇ ಮಾತಿನಲ್ಲಿ ಕಳುಹಿಸಿಬಿಡುವುದುಂಟು. ಸದ್ದನ್ನು ಅಳಿಸುವ ಗುಳಿಗೆ ಇಲ್ಲವೆಂಬುದು ನಿಜವೇ. ಜಾಹೀರಾತಿನ ಎಣ್ಣೆ, ಮಾತ್ರೆಗಳಿಗೆ ಹಣ ಸುರಿಯಬೇಡಿ. ಆದರೆ ಹೊಂದಿಕೊಳ್ಳುವುದಕ್ಕೂ ಚಿಕಿತ್ಸೆಯುಂಟು. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಕೆಲವೊಮ್ಮೆ ಗುಗ್ಗೆ ತೆಗೆದರೆ ಸಾಕು. ಕೆಲವೊಮ್ಮೆ ಹೆಚ್ಚಿನ ಪ್ರಮಾಣದ ಆಸ್ಪಿರಿನ್ನಿನಂಥ ಔಷಧಿಯೇ ಕಾರಣ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಹಾಕಿದರೆ ಹೊರಗಿನ ಸದ್ದು ತುಂಬಿ ಒಳಗಿನದು ಹಿಂದೆ ಸರಿಯುವುದುಂಟು. ರಾತ್ರಿ ಫ್ಯಾನನ್ನೋ ಮೆಲುದನಿಯ ರೇಡಿಯೋವನ್ನೋ ಇಟ್ಟುಕೊಳ್ಳಬೇಕು. ಮೊರೆತವನ್ನು ಮುಳುಗಿಸುವಷ್ಟಲ್ಲ, ಅದಕ್ಕಿಂತ ತುಸು ಕೆಳಗೆ. ರಜೆಗೆ ಊರಿಗೆ ಹೋದಾಗ ಆ ನೀರವದಲ್ಲಿ ಅದು ಜೋರಾದಂತೆ ಕಂಡರೆ ರೋಗ ಬೆಳೆಯಿತೆಂದು ಹೆದರಬೇಕಾಗಿಲ್ಲ. ‘ಇನ್ನು ನನಗೆ ನೆಮ್ಮದಿಯೇ ಇಲ್ಲ’ ಎಂಬ ಯೋಚನೆ ಬೇರೂರಿದವರಿಗೆ ಆ ಯೋಚನೆಯನ್ನೇ ತಿದ್ದುವ ಮಾತಿನ ಚಿಕಿತ್ಸೆಯಿದೆ. ಎಲ್ಲಕ್ಕಿಂತ ಹೆಚ್ಚಿನ ಆಧಾರ ದೊರೆತಿರುವುದು ಅದಕ್ಕೇ. ತಿಂಗಳುಗಟ್ಟಲೆ ತಾಳ್ಮೆ ಬೇಕು.

ಮಾತ್ರ, ಥಟ್ಟನೆ ಕಿವಿ ಕೇಳಿಸದಾದರೆ ಅಂದೇ ವೈದ್ಯರಲ್ಲಿಗೆ ಓಡಬೇಕು. ದಿನಗಳೆದರೆ ಚಿಕಿತ್ಸೆ ಫಲಿಸುವುದು ಕಷ್ಟ. ಒಂದೇ ಕಿವಿಯ ಮೊರೆತವನ್ನೂ ನಾಡಿಯ ಬಡಿತದೊಡನೆ ಕೇಳುವ ಸದ್ದನ್ನೂ ತೋರಿಸದೆ ಬಿಡಬಾರದು.

ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರ ಕಡೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ಹಿರಿಯರನ್ನು ಒಬ್ಬರನ್ನೇ ಕಳುಹಿಸಬೇಡಿ. ಎಂಥ ಸದ್ದೆಂದು ಅಲ್ಲಿ ಕೇಳುತ್ತಾರೆ. ಅಮ್ಮ ‘ಜೀರುಂಡೆ’ ಎಂದಾಗ, ಅದು ಮರಾಠಿಯ ರಾತಕಿಡಾ ಎಂದು ಹೇಳುವವರೊಬ್ಬರು ಪಕ್ಕದಲ್ಲಿರಬೇಕಷ್ಟೆ.