ಗರ ಬೀಳಲಿಲ್ಲ ಎನ್ನುವವರು

(ಬಾಗಲಕೋಟೆಯ ನವನಗರದಲ್ಲಿ ಮಾಡಿದ ಮಾತಿನ ಬರಹ ರೂಪ)

ಚೌಕಾಬಾರ ಆಡಿ ಸೋತವರು ಮೊದಲು ಆಡುವ ಮಾತು ಯಾವುದು? 'ಗರಾನ ಬೀಳಲಿಲ್ಲ.' ಗೆದ್ದವರು 'ಗರ ಚಲೋ ಬಿತ್ತು, ಅದಕ್ಕ ಗೆದ್ದೆ' ಎಂದು ಒಪ್ಪಿಕೊಳ್ಳುವುದು ಮಾತ್ರ ಅಪರೂಪ. ಸೋಲು ಕವಡೆಯದು, ಗೆಲುವು ತಮ್ಮದು. ಗುಡಿಯ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಆಡುತ್ತಿದ್ದವರ ಈ ಮಾತನ್ನೇ ಈಗ ಅವರ ಮೊಮ್ಮಕ್ಕಳು ಮೊಬೈಲ್ ಹಿಡಿದುಕೊಂಡು ಆಡುತ್ತಿದ್ದಾರೆ. ಅವರ ಕೈಯಲ್ಲಿರುವುದು ಕವಡೆಯಲ್ಲ, ತೆರೆಯ ಮೇಲೆ ಉರುಳುವ ಆರು ಮುಖದ ದಾಳ. ದೂರು ಮಾತ್ರ ಅದೇ.

ಈ ಹೊಸ ಆಟಗಳಿಗೆ 'ರೋಗ್‌ಲೈಕ್' ಎಂಬ ವಿಚಿತ್ರ ಹೆಸರಿದೆ. ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಇಬ್ಬರು ವಿದ್ಯಾರ್ಥಿಗಳು, ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್, 1980ರ ಸುಮಾರಿಗೆ 'ರೋಗ್' ಎಂಬ ಕಂಪ್ಯೂಟರ್ ಆಟ ಮಾಡಿದರು. ರೋಗ್ ಎಂದರೆ ಪೋಕರಿ, ಪುಂಡ. ನೆಲಮಾಳಿಗೆಗೆ ಇಳಿದು ಒಂದು ತಾಯಿತ ತರುವುದೇ ಆಟ. ಚಿತ್ರಗಳಿರಲಿಲ್ಲ, ರಾಕ್ಷಸರೆಲ್ಲ ಬರೀ ಇಂಗ್ಲಿಷ್ ಅಕ್ಷರಗಳು. ಆದರೆ ಎರಡು ನಿಯಮಗಳು ಆಟಗಾರರನ್ನು ಕಟ್ಟಿಹಾಕಿದವು. ಪ್ರತಿ ಸಲ ಆಡುವಾಗಲೂ ನೆಲಮಾಳಿಗೆಯ ನಕ್ಷೆ ಬೇರೆಯಾಗಿರುತ್ತಿತ್ತು. ಸತ್ತರೆ ಮೊದಲಿನಿಂದ ಶುರು ಮಾಡಬೇಕಿತ್ತು. ಹಣ್ಣಾಗಲು ಒಂದೇ ಮನೆ ಬಾಕಿ ಇರುವಾಗ ಕಡಿಸಿಕೊಂಡ ಕಾಯಿಯ ಸಂಕಟ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈ ಬಗೆಯ ಆಟಕ್ಕೆ ದಾಳವನ್ನು ತಂದು ಸೇರಿಸಿದ ಮೇಲೆ ಜಗಳ ಜೋರಾಯಿತು. ಐರ್ಲೆಂಡಿನ ಟೆರಿ ಕ್ಯಾವನಾ 2019ರಲ್ಲಿ ಹೊರತಂದ 'ಡೈಸಿ ಡಂಜನ್ಸ್' ಅಂಥದೊಂದು. ಅದರಲ್ಲಿ ಅದೃಷ್ಟದೇವಿಯೊಬ್ಬಳು ಟೀವಿ ಸ್ಪರ್ಧೆ ನಡೆಸುತ್ತಾಳೆ. ಸ್ಪರ್ಧೆಗೆ ಬಂದವರೆಲ್ಲ ನಡೆದಾಡುವ ದಾಳಗಳಾಗಿಬಿಡುತ್ತಾರೆ. ಬಿದ್ದ ಸಂಖ್ಯೆಯನ್ನು ಕತ್ತಿಗೆ ಹಾಕಬೇಕೇ, ಗುರಾಣಿಗೆ ಹಾಕಬೇಕೇ ಎಂದು ಆಡುವವರು ಆರಿಸಬೇಕು. ಕೆಲವು ಆಯುಧಗಳು ಸಮಸಂಖ್ಯೆಯನ್ನು ಮಾತ್ರ ಒಪ್ಪುತ್ತವೆ. ಯೋಧನಿಗೆ ಬಿದ್ದ ದಾಳವನ್ನು ಮತ್ತೆ ಉರುಳಿಸುವ ಸವಲತ್ತಿದೆ, ಕಳ್ಳನಿಗೆ ಎದುರಾಳಿಯ ಆಯುಧವನ್ನೇ ಬಳಸುವ ಸವಲತ್ತು.

ಇದನ್ನು ಆಡಿದವರಲ್ಲಿ ಎರಡು ಪಂಗಡ. 'ಎಷ್ಟು ಯೋಚಿಸಿದರೇನು, ಕೊನೆಯ ಕಾಳಗದಲ್ಲಿ ಒಂದು, ಒಂದು, ಎರಡು ಬಿದ್ದರೆ ಮುಗಿಯಿತು' ಎನ್ನುವುದು ಮೊದಲನೆಯವರ ವಾದ. 'ಒಂದು, ಎರಡು ಬಿದ್ದರೂ ಕೆಲಸಕ್ಕೆ ಬರುವ ಆಯುಧವನ್ನು ಮೊದಲೇ ಏಕೆ ಇಟ್ಟುಕೊಳ್ಳಲಿಲ್ಲ?' ಎಂದು ಎರಡನೆಯವರು ಕೇಳುತ್ತಾರೆ. 'ಸ್ಲೈಸ್ ಅಂಡ್ ಡೈಸ್' ಎಂಬ ಇನ್ನೊಂದು ಆಟ ಎರಡನೆಯವರಿಗೆ ಹೆಚ್ಚು ಪ್ರಿಯ. ಅದರಲ್ಲಿ ಐವರು ವೀರರಿಗೆ ಐದು ದಾಳ, ಒಟ್ಟು ಇಪ್ಪತ್ತು ಕಾಳಗ. ಶತ್ರು ಯಾರನ್ನು ಹೊಡೆಯಲಿದ್ದಾನೆ, ಎಷ್ಟು ಹೊಡೆಯಲಿದ್ದಾನೆ ಎಂಬುದು ಮೊದಲೇ ಕಾಣುತ್ತದೆ. ಬೇಡವಾದ ದಾಳಗಳನ್ನು ಎರಡು ಸಲ ಮತ್ತೆ ಎಸೆಯಬಹುದು. ಇಷ್ಟೆಲ್ಲ ಕೊಟ್ಟ ಮೇಲೂ ಸೋತರೆ ದಾಳವನ್ನು ಬೈಯುವುದು ಸ್ವಲ್ಪ ಕಷ್ಟ. ಆದರೂ ಬೈಯುವವರಿದ್ದಾರೆ!

ಈ ಎರಡನೆಯ ಪಂಗಡದವರು ಪಗಡೆಯ ಹಾಸಿನ ಸುತ್ತ ಹಿಂದಿನಿಂದಲೂ ಇದ್ದರು. ಪಗಡೆಯ ದಾಳ ಉದ್ದನೆಯದು, ಅದಕ್ಕೆ ನಾಲ್ಕೇ ಮುಖ. ಸಾಮಾನ್ಯವಾಗಿ 1, 3, 4, 6 ಎಂಬ ಗುರುತುಗಳಿರುತ್ತವೆ. ಎರಡು ದಾಳ ಎಸೆದರೆ ಒಟ್ಟು ಹದಿನಾರು ರೀತಿಯಲ್ಲಿ ಬೀಳಬಹುದು. ಕೂಡಿಸಿದಾಗ ಏಳು ಬರುವುದು ನಾಲ್ಕು ರೀತಿಯಲ್ಲಿ. ಎರಡು ಅಥವಾ ಹನ್ನೆರಡು ಬರುವುದು ಒಂದೊಂದೇ ರೀತಿಯಲ್ಲಿ. ಮೂರಾಗಲಿ ಹನ್ನೊಂದಾಗಲಿ ಕೂಡಿಸಿ ಬರುವುದೇ ಇಲ್ಲ. ಎದುರಾಳಿಯ ಕಾಯಿಗಿಂತ ಹನ್ನೊಂದು ಮನೆ ಮುಂದೆ ನಿಂತ ಕಾಯಿಗೆ ಒಂದು ಎಸೆತದಲ್ಲಿ ಭಯವೇ ಇಲ್ಲ. ಆರು ಮನೆ ಮುಂದೆ ನಿಂತಿದ್ದರೆ, ಒಂದು ದಾಳದ ಆರೂ ಬರಬಹುದು, ಎರಡು ಮೂರುಗಳೂ ಕೂಡಬಹುದು. ಲೆಕ್ಕ ಹಾಕಿದರೆ ಹದಿನಾರರಲ್ಲಿ ಎಂಟು, ಅಂದರೆ ಅರ್ಧಕ್ಕರ್ಧ ಅಪಾಯ. ಕಾಗದದ ಮೇಲೆ ಇದನ್ನು ಬರೆಯದೆಯೂ ಆಡಿ ಆಡಿ ಬಲ್ಲವರು ಕಾಯಿ ನಿಲ್ಲಿಸುವಾಗ ಅರೆಗಳಿಗೆ ತಡೆಯುತ್ತಾರಲ್ಲ, ಆ ತಡೆಯುವಿಕೆಯಲ್ಲಿ ಈ ಲೆಕ್ಕವೇ ಇದೆ.

ಕನ್ನಡಕ್ಕೆ ಈ ಆಟ ಹೊಸದಲ್ಲ. ನೆತ್ತ, ಲೆತ್ತ ಎಂಬ ಹಳಗನ್ನಡದ ಮಾತುಗಳು ದಾಳದಾಟಕ್ಕೇ ಸೇರಿದವು. ಹತ್ತನೆಯ ಶತಮಾನದ ಪಂಪ ಕರ್ಣ ಮತ್ತು ಭಾನುಮತಿಯರನ್ನು ನೆತ್ತಕ್ಕೆ ಕೂರಿಸಿದ್ದಾನೆ. ಹಂಪಿಯ ಕಲ್ಲುಹಾಸುಗಳ ಮೇಲೆ ಆಟದ ಮನೆಗಳನ್ನು ಕೊರೆದ ಗುರುತುಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹೊಸ ಹೊಸ ಹಾಸುಗಳನ್ನೇ ರಚಿಸಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವು ಈಗಲೂ ಕಾಣಸಿಗುತ್ತವೆ.

ಆದರೆ ಇಲ್ಲಿ ನೆನೆಯಬೇಕಾದ್ದು ಮಹಾಭಾರತದ ನಳನ ಕತೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಋತುಪರ್ಣನಿಗೆ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಒಂದು ತಾರೆಯ ಮರ. ಋತುಪರ್ಣ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ಕುಳಿತಲ್ಲಿಂದಲೇ ಹೇಳಿಬಿಡುತ್ತಾನೆ. ನಳ ಮರ ಕಡಿದು ಎಣಿಸಿ ನೋಡಿದರೆ ಲೆಕ್ಕ ಸರಿ! ಆಗ ಕುದುರೆಯ ವಿದ್ಯೆ ಕೊಟ್ಟು ದಾಳದ ವಿದ್ಯೆ ಪಡೆಯುತ್ತಾನೆ. ತಾರೆಕಾಯಿಯೇ ವೇದಕಾಲದ ದಾಳ ಎಂಬುದನ್ನು ಗಮನಿಸಬೇಕು. ಎಣಿಸುವುದಕ್ಕೂ ದಾಳಕ್ಕೂ ನಂಟಿದೆ ಎಂದು ಈ ಕತೆ ಕಟ್ಟಿದವರಿಗೆ ಗೊತ್ತಿತ್ತು. ಇದನ್ನು ಧರ್ಮರಾಯನಿಗೆ ವನವಾಸದಲ್ಲಿ ಹೇಳಿದವನು ಬೃಹದಶ್ವ ಮುನಿ. ಕತೆ ಮುಗಿಸಿ ಆ ವಿದ್ಯೆಯನ್ನೂ ಅವನಿಗೆ ಕಲಿಸುತ್ತಾನೆ. ಎಲ್ಲ ಕಳೆದುಕೊಂಡ ಮೇಲೆ ಕಲಿತದ್ದು ಎನ್ನುವುದು ಬೇರೆ ಮಾತು. ಮುಂದೆ ವಿರಾಟನ ಆಸ್ಥಾನದಲ್ಲಿ ಅವನು ಕಂಕನಾಗಿ ದಾಳವಾಡಿಸಿಕೊಂಡೇ ಅಜ್ಞಾತವಾಸ ಕಳೆದ.

ಲೆಕ್ಕ ಗೊತ್ತಿದ್ದರೂ ಮನಸ್ಸು ಒಪ್ಪಬೇಕಲ್ಲ? 'ಸಿವಿಲೈಸೇಶನ್' ಆಟಗಳಿಂದ ಹೆಸರಾದ ಸಿಡ್ ಮೈಯರ್ 2010ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ತಮ್ಮ ಅನುಭವ ಹೇಳಿದ್ದರು. ಮೂರಕ್ಕೆ ಒಂದರಂತೆ ತಮ್ಮ ಬಲವೇ ಹೆಚ್ಚಿದ್ದ ಕಾಳಗದಲ್ಲಿ ಸೋತರೆ ಆಟಗಾರರು 'ಇದು ಮೋಸ' ಎನ್ನುತ್ತಿದ್ದರು. ಅಂಥ ಕಾಳಗದಲ್ಲಿ ನಾಲ್ಕರಲ್ಲಿ ಒಂದು ಸಲ ಸೋಲುವುದೇ ಸರಿಯಾದ ಲೆಕ್ಕ. ತಾವೇ ದುರ್ಬಲರಾಗಿದ್ದು ಗೆದ್ದಾಗ ಮಾತ್ರ ಯಾರೂ ಮೋಸವೆನ್ನಲಿಲ್ಲ. ಕೊನೆಗೆ ಲೆಕ್ಕವನ್ನೇ ಆಟಗಾರರ ಮನಸ್ಸಿನ ಕಡೆಗೆ ಸ್ವಲ್ಪ ಬಾಗಿಸಬೇಕಾಯಿತಂತೆ.

ಮನೆಯ ಜಗುಲಿಯ ಮೇಲೆ ಇದು ತಮಾಷೆ, ನ್ಯಾಯಾಲಯದಲ್ಲಿ ಅಲ್ಲ. ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಅಲ್ಲಿಯೂ ಕೌಶಲವೋ ಅದೃಷ್ಟವೋ ಎಂಬುದೇ ಪ್ರಶ್ನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಆ ಪ್ರಶ್ನೆಯನ್ನೇ ಬದಿಗಿಟ್ಟಿತು. ಹಣ ಪಣಕ್ಕಿದ್ದರೆ ಸಾಕು, ಕೌಶಲವಿದ್ದರೂ ನಿಷಿದ್ಧ. 'ನನಗೆ ಆಟ ಗೊತ್ತು, ಈ ಸಲ ಗರ ಬೀಳಲಿಲ್ಲ ಅಷ್ಟೆ' ಎಂದುಕೊಂಡೇ ಸಾಲದ ಮೇಲೆ ಸಾಲ ಮಾಡಿದವರ ಮನೆಗಳನ್ನು ನೋಡಿದವರಿಗೆ ಈ ಕಾಯಿದೆಯ ಕಾರಣ ತಿಳಿಯುತ್ತದೆ. ಮೇಲೆ ಹೇಳಿದ ಎರಡು ಆಟಗಳಲ್ಲಿ ಪಣವಿಲ್ಲ. ಸೋತರೆ ಹೋಗುವುದು ಅರ್ಧ ಗಂಟೆ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ಈ ಸೆಕ್ಟರುಗಳಿಗೆ ಬಂದವರಿಗೆ 'ಮನೆ' ಎಂಬ ಮಾತಿನ ತೂಕ ಬೇರೆಯೇ. ಆಟದಲ್ಲಿ ಕಡಿಸಿಕೊಂಡ ಕಾಯಿ ತನ್ನ ಮನೆಗಾದರೂ ಹಿಂತಿರುಗುತ್ತದೆ. ಅದಿರಲಿ. ಚೌಕಾಬಾರ ಬರೆಯಲು ಕಟ್ಟೆಯೇ ಬೇಕೆಂದಿಲ್ಲ, ಟೆರೇಸಿನ ನೆಲವೂ ಆದೀತು. ಕವಡೆ ಇಲ್ಲದಿದ್ದರೆ ಒಂದು ಬದಿ ಬೆಳ್ಳಗೆ ಕಾಣುವಂತೆ ತೇಯ್ದ ನಾಲ್ಕು ಹುಣಸೆ ಬೀಜ ಸಾಕು. ಎರಡೂ ಬದಿ ಸಮವಾಗಿ ಬೀಳುವ ಬೀಜಗಳಾದರೆ ನೂರು ಎಸೆತಕ್ಕೆ ಚೌಕ ಸುಮಾರು ಆರು ಸಲ, ಬಾರವೂ ಅಷ್ಟೇ ಸಲ ಬೀಳಬೇಕು. ಬಿಳಿ ಬದಿ ಹತ್ತರಲ್ಲಿ ಆರು ಸಲ ಮೇಲಾಗುವಂತೆ ತೇಯ್ದಿದ್ದರೆ ಚೌಕ ಹದಿಮೂರಕ್ಕೆ ಏರುತ್ತದೆ, ಬಾರ ಎರಡೋ ಮೂರಕ್ಕೋ ಇಳಿಯುತ್ತದೆ. ಸೋತವರು ಇನ್ನೊಮ್ಮೆ ಗರವನ್ನು ಬೈಯುವ ಮುಂಚೆ ನೂರು ಸಲ ಎಸೆದು ಬರೆದಿಟ್ಟುಕೊಳ್ಳಲಿ, ಬೀಜ ತೇಯ್ದವರು ಯಾರು ಎಂದೂ ವಿಚಾರಿಸಲಿ.